ಚಿಕ್ಕೋಡಿ ಸೀಮೆಯ ಗರಡಿಮನೆಗಳಲ್ಲಿ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಒತ್ತೊತ್ತಾಗಿ ಇರುವವು. ವೇದಗಂಗೆಯು ದೂಧಗಂಗೆಯನ್ನೂ, ದೂಧಗಂಗೆಯು ಕೃಷ್ಣೆಯನ್ನೂ ಕೂಡಿಕೊಳ್ಳುವದು ಈ ಸೀಮೆಯಲ್ಲಿಯೇ. ಹೊಳೆಯ ದಂಡೆಗೆ ಕಬ್ಬು, ಏರಿನ ಹೊಲಗಳಲ್ಲಿ ಜೋಳ, ನಿಪ್ಪಾಣಿಯ ಸುತ್ತಲೂ ತಂಬಾಕು. ಮಳೆಗಾಲ ಬಲವಾದರೆ ಸದಲಗಾ–ಬೋರಗಾಂವ, ಕಲ್ಲೋಳ–ಯಡೂರಗಳ ತಗ್ಗು ಸೇತುವೆಗಳು ಮುಳುಗಿ, ಎದುರಿಗೆ ಕಾಣುವ ಊರಿಗೆ ಹರದಾರಿಗಟ್ಟಲೆ ಸುತ್ತಿಕೊಂಡು ಹೋಗಬೇಕಾಗುವದು. ಇಲ್ಲಿಯ ಜನರು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವರೆಂದು ಹೊರಗಿನವರು ಹೇಳುವದುಂಟು. ಮನೆಯಲ್ಲಿ ಮರಾಠಿಯನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುವವರೂ ಅಷ್ಟೇ ಮಂದಿ ಇರುವರು. ಆದರೆ ಇವೆರಡೂ ಅಲ್ಲದ ಮೂರನೆಯದೊಂದು ಭಾಷೆಯು ಈ ಸೀಮೆಯಲ್ಲಿರುವದು. ಅದು ಗರಡಿಮನೆಯ ಭಾಷೆ.

ಆ ಭಾಷೆಯ ಬೆನ್ನು ಹತ್ತಿ ನಾವು ಕೆಲವು ವಾರ ಊರೂರು ತಿರುಗಿದುದಕ್ಕೆ ಒಂದು ಕಾರಣವುಂಟು. ನಮ್ಮ ಅಕ್ಕನ ಮೊಮ್ಮಗನು ಉಗಾರದ ಹತ್ತಿರದ ಹಳ್ಳಿಯವನು, ವಯಸ್ಸು 14. ಒಂಬತ್ತನೆಯ ವರ್ಷದಿಂದ ಊರ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು. ಹೋದ ವರ್ಷ ಒಂದು ಕ್ರೀಡಾವಸತಿಗೃಹದ ಆಯ್ಕೆಗೆ ಹೋಗಿದ್ದನು. ಅಲ್ಲಿ ಕುಸ್ತಿಯು ಮಣ್ಣಿನಲ್ಲಿ ಅಲ್ಲ, ಮೆತ್ತೆಯ ಮೇಲೆ. ಎದುರಾಳಿಯು ಇವನನ್ನು ಕೆಡವಿ ಬೆನ್ನು ನೆಲಕ್ಕೆ ಒತ್ತುತ್ತಿರುವಾಗ ಅಂಚಿನಲ್ಲಿದ್ದ ತರಬೇತುದಾರರು “ಬ್ರಿಜ್! ಬ್ರಿಜ್!” ಎಂದು ಕೂಗಿದರು. ಇವನಿಗೆ ಬ್ರಿಜ್ ಎಂದರೆ ಉಗಾರಕ್ಕೂ ಕುಡಚಿಗೂ ನಡುವೆ ಕೃಷ್ಣೆಯ ಮೇಲಿರುವ ರೇಲ್ವೆ ಸೇತುವೆ. ಏನು ಹೇಳುತ್ತಿರುವರೆಂದು ಕತ್ತು ಹೊರಳಿಸಿ ನೋಡಿದನು. ನೋಡುವಷ್ಟರಲ್ಲಿ ಎರಡೂ ಭುಜಗಳು ಮೆತ್ತೆಗೆ ಮುಟ್ಟಿದವು. ತಲೆಯನ್ನೂ ಪಾದಗಳನ್ನೂ ಊರಿ ನಡುವನ್ನು ಬಿಲ್ಲಿನಂತೆ ಮೇಲಕ್ಕೆತ್ತುವ ಆ ಕೆಲಸವನ್ನು ಅವನು ನೂರು ಎಣಿಸುವ ತನಕ ಮಾಡಬಲ್ಲನು. ಅವನ ವಸ್ತಾದರು ಅದಕ್ಕೆ ‘ಕಮಾನು’ ಎನ್ನುತ್ತಿದ್ದರು, ಅಷ್ಟೇ.

ಹುಡುಗನ ತಂದೆಯು ಇನ್ನು ಕುಸ್ತಿ ಸಾಕು, ಪುಸ್ತಕ ಹಿಡಿಯಲಿ ಎಂದನು. ಅಕ್ಕನು ಒಪ್ಪಲಿಲ್ಲ. “ತಮ್ಮಾ, ನೀ ಹುಟ್ಟಾ ಮಾತಿನ ಅರ್ಥಾ ಬಿಡಿಸಿ ಹೇಳಕೋತ ಬಂದಾಂವ. ಇವರ ಮಾತೇನು, ಅವರ ಮಾತೇನು, ಒಂದೀಟು ನೋಡಿ ಹೇಳು” ಎಂದಳು. ಇನ್ನೊಂದು ಸಲ ಆಯ್ಕೆಗೆ ಕಳಿಸುವದಕ್ಕೆ ತಂದೆಯು ಒಪ್ಪಿದನು. ಅದು ಕಡೆಯ ಸಲವೆಂದೂ ಹೇಳಿದನು.

ನಾವು ಮೊದಲು ಹೋದದ್ದು ಚಿಕ್ಕೋಡಿಯಿಂದ ಯಕ್ಸಂಬೆಗೆ. ಕುಸ್ತಿಯ ವಿಷಯ ಎತ್ತಿದರೆ ಈ ಸೀಮೆಯಲ್ಲಿ ಆ ಊರನ್ನು ಬಿಟ್ಟು ಮಾತು ಮುಂದಕ್ಕೆ ಸಾಗುವದಿಲ್ಲ. 1959ರಲ್ಲಿ ದಿಲ್ಲಿಯಲ್ಲಿ ಗೆದ್ದು ಮೊದಲನೆಯ ‘ಹಿಂದ್ ಕೇಸರಿ’ ಎನಿಸಿದ ಶ್ರೀಪತಿ ಖಂಚನಾಳೆಯವರು ಈ ಊರಿನವರು. ಅವರು ವಿದ್ಯೆ ಕಲಿತದ್ದು ಕೊಲ್ಲಾಪುರದ ಶಾಹುಪುರಿ ತಾಲೀಮಿನಲ್ಲಿ. ತೀರಿಕೊಂಡದ್ದು 2020ರ ಡಿಸೆಂಬರಿನಲ್ಲಿ. ಕೊಲ್ಲಾಪುರವು ಇಲ್ಲಿಯ ಪೈಲವಾನರಿಗೆ ಕಾಶಿಯಿದ್ದಂತೆ. 1894ರಿಂದ 1922ರ ವರೆಗೆ ಆಳಿದ ಶಾಹು ಮಹಾರಾಜರು ದೇಶದ ನಾನಾ ಕಡೆಗಳಿಂದ ಮಲ್ಲರನ್ನು ಕರೆಯಿಸಿ ಸಾಕಿದರು; 1912ರಲ್ಲಿ ಖಾಸಬಾಗದ ಕುಸ್ತಿಯ ಮೈದಾನವನ್ನು ಕಟ್ಟಿಸಿದರು. ಪಂಜಾಬದ ಮಲ್ಲನ ಪೇಚೂ ಅದರ ಹೆಸರೂ ಕೊಲ್ಲಾಪುರದಲ್ಲಿ ಇಳಿದು, ಅಲ್ಲಿಂದ ನಮ್ಮ ಹಳ್ಳಿಗಳಿಗೆ ಬಂದದ್ದು ಹೀಗೆ.

ಆದಕಾರಣ ಗರಡಿಯ ಮಾತುಗಳ ವಂಶಾವಳಿಯು ಸ್ವಾರಸ್ಯವಾದುದು. ಕುಸ್ತಿ, ಪೈಲವಾನ, ಉಸ್ತಾದ, ಪೇಚು ಇವು ಪಾರಸಿಯವು; ಉಸ್ತಾದನೇ ನಮ್ಮಲ್ಲಿ ವಸ್ತಾದನಾದನು. ತಾಲೀಮು ಅರಬ್ಬಿಯ ಮಾತು. ಅದರ ಅರ್ಥವು ಬೋಧನೆ. ಕಲಿಸುವ ಕ್ರಿಯೆಯ ಹೆಸರನ್ನೇ ಕಲಿಯುವ ಮನೆಗೆ ಇಟ್ಟಿರುವರು. ಶಾಲೆಗಳಿಗೆ ನಾವು ಇಷ್ಟು ಒಳ್ಳೆಯ ಹೆಸರನ್ನು ಇಟ್ಟಿಲ್ಲ. ಗರಡಿಯು ಹಳಗನ್ನಡದ ಗರುಡಿ. ಪಟ್ಟು ನಮ್ಮದೇ. ಇನ್ನು ಸಂಸ್ಕೃತದ ಪಾಲೇನು ಎಂದರೆ, ಅದೂ ಕಡಿಮೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ‘ಮಲ್ಲವಿನೋದ’ವೆಂಬ ಭಾಗವೇ ಇರುವದು. ಮಲ್ಲರಿಗೆ ಏನು ಉಣಿಸಬೇಕು, ಯಾವ ವ್ಯಾಯಾಮ ಮಾಡಿಸಬೇಕು ಎಂಬದನ್ನೆಲ್ಲ ಅವನು ಹೇಳಿರುವನು. ನೀರಿನಲ್ಲಿ ಈಸುವ ಶ್ರಮವುಂಟು, ಕಂಬವನ್ನು ಹತ್ತಿ ಮಾಡುವ ಶ್ರಮವುಂಟು. ಇಂದಿನ ಮಲ್ಲಗಂಬವನ್ನು ಕಂಡವರಿಗೆ ಈ ಎರಡನೆಯದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಾಣಿನಿಯ ಸೂತ್ರವೊಂದಕ್ಕೆ ವೃತ್ತಿಕಾರರು ಕೊಡುವ ಉದಾಹರಣೆಯು ಇನ್ನೂ ಸೊಗಸಾದುದು: ‘ಸಂಗ್ರಹ’ವೆಂದರೆ ಸಾಮಾನ್ಯವಾಗಿ ಕೂಡಿಡುವದು, ‘ಸಂಗ್ರಾಹ’ವೆಂದರೆ ಮಲ್ಲನ ಮುಷ್ಟಿಯ ಬಿಗಿ. ಒಂದು ದೀರ್ಘಸ್ವರದಿಂದ ಕಣಜವು ಕೈಯಾಯಿತು. ಮೂವತ್ತು ವರ್ಷ ನಾವು ಈ ಸೂತ್ರವನ್ನು ಪಾಠ ಹೇಳಿದೆವು. ಆ ಬಿಗಿಯನ್ನು ಮಣಿಕಟ್ಟಿನ ಮೇಲೆ ಅನುಭವಿಸಿದ್ದು ಮಾತ್ರ ನಿಪ್ಪಾಣಿಯಲ್ಲಿ.

ನಿಪ್ಪಾಣಿಯು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು, ತಂಬಾಕಿನ ಪೇಟೆಯೆಂದು ಹೆಸರಾದುದು. ಅಲ್ಲಿಯ ಓಣಿಯೊಂದರಲ್ಲಿ ಎಪ್ಪತ್ತು ದಾಟಿದ ವಸ್ತಾದರೊಬ್ಬರು ಈಗಲೂ ಬೆಳಗಿನ ಐದು ಗಂಟೆಗೆ ತಾಲೀಮಿನ ಬಾಗಿಲು ತೆರೆಯುವರು. “ಬರ್ರಿ ಮಾಸ್ತರ, ಚಪ್ಪಲಿ ಹೊರಗ ಬಿಡ್ರಿ, ಹನುಮಪ್ಪಗ ಕೈ ಮುಗೀರಿ, ಆಮ್ಯಾಲ ಕುಂದರ್ರಿ” ಎಂದು ಬರಮಾಡಿಕೊಂಡರು. ಒಳಗೆ ಅರೆಗತ್ತಲೆ. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಷಿಣ, ಮಜ್ಜಿಗೆ, ನಿಂಬೆಯ ರಸ ಬೆರೆಸಿ ಹದಗೊಳಿಸಿದ ಕಣ. ಅದರ ವಾಸನೆಯು ಹೊರಗಿನ ತಂಬಾಕಿನ ಘಾಟನ್ನು ಹೊಸ್ತಿಲಲ್ಲಿಯೇ ತಡೆಯುವದು. ಹುಡುಗರು ಗುದ್ದಲಿಯಿಂದ ಮಣ್ಣು ಸಡಿಲಿಸಿ, ದಂಡ–ಬೈಠಕು ಮುಗಿಸಿ, ಜೋಡಿ ಜೋಡಿಯಾಗಿ ಇಳಿದರು. ವಸ್ತಾದರು ಮೊದಲು ಕೂಗಿದ ಮಾತು “ಪವಿತ್ರಾ!” ಎಂಬದು. ವೈದಿಕ ಮನೆಯಲ್ಲಿ ಬೆಳೆದವರ ಕಿವಿಗೆ ಪವಿತ್ರವೆಂದರೆ ಶ್ರಾದ್ಧದ ದಿನ ಬೆರಳಿಗೆ ಹಾಕುವ ದರ್ಭೆಯ ಉಂಗುರ. ಇಲ್ಲಿ ಅದು ಮರಾಠಿಯಿಂದ ಬಂದ ಮಾತು. ಮಂಡಿ ಮಡಿಸಿ, ಎದೆ ಬಾಗಿಸಿ, ಕೈ ಮುಂದೆ ಚಾಚಿ ಎದುರಾಳಿಯ ಮುಂದೆ ನಿಲ್ಲುವ ನಿಲುವು.

ಆ ದಿನ ಕಲಿಸುತ್ತಿದ್ದುದು ‘ಢಾಕ’. ಎದುರಾಳಿಯ ಕತ್ತನ್ನೂ ಒಂದು ತೋಳನ್ನೂ ಬಿಗಿಹಿಡಿದು, ಗರ್ರನೆ ತಿರುಗಿ ಅವನ ಎದೆಗೆ ತನ್ನ ಬೆನ್ನು ಕೊಟ್ಟು, ತನ್ನ ಸೊಂಟದ ಮೇಲಿಂದ ಅವನನ್ನು ಉರುಳಿಸಿ ಕೆಡವುವ ಪೇಚು. ಬರೆಯುವದಕ್ಕೆ ಒಂದು ವಾಕ್ಯ. ಮಾಡುವದಕ್ಕೆ ಎರಡು ವರ್ಷ. “ಸೊಂಟಾ ಒಳಗ ಹಾಕೋ!” ಎಂದರು ವಸ್ತಾದರು. ಹುಡುಗನು ಹೊಟ್ಟೆಯನ್ನು ಮುಂದೆ ಚಾಚಿದನು. “ಹೊಟ್ಟಿ ಅಲ್ಲೋ, ಸೊಂಟಾ!” ಎಂದರು. ಅವನು ಪಕ್ಕಕ್ಕೆ ವಾಲಿದನು. ಮೂರನೆಯ ಸಲಕ್ಕೆ ವಸ್ತಾದರು ದನಿ ತಗ್ಗಿಸಿ, “ಅವನ ಮಡಿಲಾಗ ಕುಂದ್ರು” ಎಂದರು. ಹುಡುಗನು ತಿರುಗಿ, ಗೆಳೆಯನ ತೊಡೆಯ ಮೇಲೆ ಕುಳಿತುಕೊಳ್ಳುವವನಂತೆ ತಗ್ಗಿದನು. ಗೆಳೆಯನು ತಲೆಯ ಮೇಲಿಂದ ಹಾರಿ ಮಣ್ಣಿಗೆ ಬಿದ್ದನು. ಇದರ ಕಾರಣವು ಕಠಿಣವಾದುದಲ್ಲ. ಎತ್ತುವವನ ಸೊಂಟವು ಎದುರಾಳಿಯ ನಡುವಿಗಿಂತ ಕೆಳಗಿದ್ದರೆ ಅವನ ಭಾರವು ಸನ್ನೆಗೋಲಿಗೆ ಸಿಕ್ಕ ಬಂಡೆಯಂತೆ ತಾನಾಗಿಯೇ ಏಳುವದು. ಮೇಲಿದ್ದರೆ ಭೀಮನಾದರೂ ಎತ್ತಲಾರನು. ಇಷ್ಟನ್ನು ಲೆಕ್ಕದ ಮಾಸ್ತರರೂ ಹೇಳಿಯಾರು. ಆದರೆ ಹುಡುಗನ ಮೈಗೆ ಹತ್ತಿದ್ದು ಲೆಕ್ಕವಲ್ಲ, ಮಡಿಲು.

ಮುಂದಿನ ಜೋಡಿಗೆ ಅದೇ ಮಾತು ಹತ್ತಲಿಲ್ಲ. ಕುಳಿತುಕೊಳ್ಳೆಂದರೆ ಆ ಹುಡುಗನು ನಿಜವಾಗಿಯೂ ಕುಕ್ಕರಿಸಿಬಿಟ್ಟನು. ಅವನಿಗೆ ವಸ್ತಾದರು “ಬಾಗಲಾ ಹಾಕಿದಂಗ ಹೊರಳು” ಎಂದರು. ಅವನು ಕದ ಮುಚ್ಚಿದಂತೆ ತಿರುಗಿದನು, ಪೇಚು ಕೂಡಿತು. ಒಂದೇ ಕೆಲಸಕ್ಕೆ ಎರಡು ಮಾತೇಕೆಂದು ಕೇಳಿದೆವು. “ಒಬ್ಬೊಬ್ಬಗ ಒಂದೊಂದ ಮಾತು ಹತ್ತತೈತ್ರಿ ಮಾಸ್ತರ. ಹತ್ತೂತನಾ ಹುಡುಕಬೇಕು” ಎಂದರು. ಒಂದೇ ಟಿಪ್ಪಣಿಯನ್ನು ನಲವತ್ತು ಹುಡುಗರಿಗೆ ಬರೆಯಿಸುವ ವೃತ್ತಿಯಲ್ಲಿದ್ದವರಿಗೆ ಈ ಮಾತು ಸ್ವಲ್ಪ ಚುಚ್ಚುವಂಥದೇ.

ಅಲಂಕಾರಶಾಸ್ತ್ರ ಓದಿದವರಿಗೆ ಇಲ್ಲಿ ಲಕ್ಷಣಾವೃತ್ತಿಯು ನೆನಪಾಗದೆ ಇರದು. ಗಂಗೆಯ ಮೇಲೆ ಹಳ್ಳಿಯಿದೆ ಎಂದರೆ ನೀರಿನ ಮೇಲೆ ಹಳ್ಳಿ ನಿಲ್ಲಲಾರದು. ಮುಖ್ಯಾರ್ಥವು ಕೆಟ್ಟು, ಹತ್ತಿರದ ದಂಡೆಯೆಂಬ ಅರ್ಥವನ್ನು ನಾವು ಹಿಡಿಯುವೆವು. ವಸ್ತಾದನ ಮಾತೂ ಹಾಗೆಯೇ. “ಕಾಲ ಮರಿ” ಎಂದರೆ ಕಾಲನ್ನು ಬಿಟ್ಟುಬಿಡೆಂದಲ್ಲ, ಕಾಲನ್ನು ನೋಡುತ್ತ ನಿಂತು ಸೆಟೆಯಬೇಡವೆಂದು. “ಭಾರ ಕೊಡು” ಎಂದರೆ ಮೈ ಚೆಲ್ಲೆಂದಲ್ಲ, ಮಂಡಿ ಮಡಿಸಿಟ್ಟುಕೊಂಡೇ ಎದುರಾಳಿಯ ಕತ್ತಿನ ಮೇಲೆ ನಿನ್ನ ತೂಕವನ್ನು ಇಡೆಂದು. “ಅವನ ಉಸರ ಕೇಳು” ಎಂದರೆ ಉಸಿರು ಬಿಡುವ ಗಳಿಗೆಯಲ್ಲಿ ಎದುರಾಳಿಯು ಸಡಿಲಾಗುವನು, ಆಗ ಹೊಗು ಎಂದು. ಕಾವ್ಯದಲ್ಲಿ ಲಕ್ಷ್ಯಾರ್ಥವನ್ನು ಬುದ್ಧಿಯು ಹಿಡಿಯುವದು. ಇಲ್ಲಿ ಹಿಡಿಯಬೇಕಾದುದು ಮೈ. ಮೈ ಒಂದು ಸಲ ಹಿಡಿದ ಮೇಲೆ ಆ ಮಾತು ಎಷ್ಟು ಸರಳವಾದುದೆಂದು ಕಲಿತವನಿಗೆ ಅನಿಸುವದು; ಹಿಡಿಯುವದಕ್ಕೆ ಮೊದಲು ಅದು ಒಗಟು. ಕಲಿಸುವವರು ತಮಗೂ ಅದು ಒಗಟಾಗಿದ್ದ ದಿನವನ್ನು ಮರೆತಿರುವರು. ಗುರುಶಿಷ್ಯರ ನಡುವಿನ ಅರ್ಧ ಜಗಳ ಹುಟ್ಟುವದು ಇಲ್ಲಿಯೇ ಎಂದು ನಮಗೆ ತೋರುವದು.

ನಮ್ಮ ಸಂಗಡ ನಿಪ್ಪಾಣಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬನು ಸೇನೆಯಲ್ಲಿದ್ದು ನಿವೃತ್ತನಾದವನು. 1948ರಲ್ಲಿ ಸ್ಥಾಪಿತವಾಗಿ ಗುಲ್ಮರ್ಗದಲ್ಲಿ ನಡೆದಿರುವ ಸೇನೆಯ ಪರ್ವತಯುದ್ಧ ಶಾಲೆಯಲ್ಲಿ ಅವನು ಕಾಲಿಗೆ ಉದ್ದನ್ನ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ವಿದ್ಯೆಯನ್ನು ಕಲಿತಿದ್ದನು. ಢಾಕ ನೋಡಿ ನಕ್ಕನು. “ಗುರುಗಳ, ಅಲ್ಲೂ ಇದ ಹಣೇಬಾರ. ಕೆಳಗ ಕಣಿವಿ ಕಾಣತಿರತೈತಿ, ಕಲಸಾವ್ರು ಕಣಿವೀ ಕಡೆ ಬಾಗು ಅಂತಾರ. ಅಂಜಿದ ಮೈ ಹಿಂದಕ ಗುಡ್ಡದ ಕಡೆ ವಾಲತೈತಿ. ಹಿಂದ ವಾಲಿದಾಂವ ಬಿದ್ದ” ಎಂದನು. ಹಿಂದಕ್ಕೆ ವಾಲಿದರೆ ಹಲಗೆಯ ಮುಂತುದಿಯ ಮೇಲಿನ ಭಾರ ಹಗುರಾಗಿ ಅದು ಹೇಳಿದ ಮಾತು ಕೇಳದಂತಾಗುವದಂತೆ. ತಿರುವಿನಲ್ಲಿ ಭಾರವು ಹೊರಮಗ್ಗುಲ ಹಲಗೆಯ ಮೇಲೆ ಇರಬೇಕು, ಅಂಜಿಕೆಯು ಅದನ್ನು ಒಳಮಗ್ಗುಲಿಗೆ ಎಳೆಯುವದು. ಢಾಕದಲ್ಲಿ ವೈರಿಗೆ ಬೆನ್ನು ಕೊಡಬೇಕು. ಅಲ್ಲಿ ಪ್ರಪಾತಕ್ಕೆ ಎದೆ ಕೊಡಬೇಕು. ಮಣ್ಣಿನ ಸೀಮೆಗೂ ಹಿಮದ ಸೀಮೆಗೂ ಸಾವಿರ ಹರದಾರಿ ಇದ್ದರೂ ಅಂಜಿದ ಮೈಯ ಸ್ವಭಾವ ಒಂದೇ. ಕಲಿಸುವವನ ಮಾತು ಅಸಂಬದ್ಧವಾಗಿ ಕೇಳುವದು ಬಹುಮಟ್ಟಿಗೆ ಇದೇ ಕಾರಣದಿಂದ. ಅವನು ಹೇಳುವದು ಅಂಜಿಕೆಯು ಬೇಡವೆನ್ನುವದನ್ನೇ.

ರಾಯಬಾಗದ ಕಡೆಗೆ ನಾವು ಹೋದದ್ದು ಜಾತ್ರೆಯ ಕುಸ್ತಿಯನ್ನು ನೋಡುವದಕ್ಕೆ. ಆ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯು ಮಾಘದ ಹುಣ್ಣಿಮೆಗೆ ಸೇರುವದು ನಾಡಿಗೆಲ್ಲ ಗೊತ್ತು. ನಾವು ಕಂಡದ್ದು ಬೇರೆ ಚಿಕ್ಕ ಊರಿನ ಜಾತ್ರೆ. ಮೊದಲು ತೆಂಗಿನಕಾಯಿಯ ಕುಸ್ತಿ. ಆರೇಳು ವರ್ಷದ ಮಕ್ಕಳು ಕಾಯಿಗಾಗಿ ಹಿಡಿಯುವರು. ಗೆದ್ದವನೂ ಸೋತವನೂ ತಾಯಿಯ ಕಡೆಗೇ ಓಡುವರು. ಹೊತ್ತು ಇಳಿದಂತೆ ದೊಡ್ಡ ಜೋಡಿಗಳು, ದೊಡ್ಡ ಬಿದಾಗಿ. ಹಲಗೆಯ ಬಡಿತ, ಜನರ ಕೂಗು, ಧೂಳು. ಆ ಗದ್ದಲದಲ್ಲಿ ವಸ್ತಾದನ ಒಂದು ಅಕ್ಷರವೂ ಕಣದೊಳಗೆ ಕೇಳುವದಿಲ್ಲ. ಕಾಲದ ಮಿತಿಯೂ ಅಂಕಗಳ ಎಣಿಕೆಯೂ ಇಲ್ಲದ ಹಳೆಯ ಪದ್ಧತಿ; ಬೆನ್ನು ಮಣ್ಣಿಗೆ ಹತ್ತಿದವನು ಸೋತನು. ಗಂಟೆಗಟ್ಟಲೆ ಹಿಡಿದಾಡಿ ಸರಿಸಮ ಬಿಟ್ಟದ್ದೂ ಉಂಟಂತೆ.

ಅಥಣಿಯಲ್ಲಿ ನಮಗೆ ಬಸ್ಸಿಗಾಗಿ ಕಾಯುವ ಕೆಲಸ ಬಿದ್ದಿತು. ಆ ಹೊತ್ತನ್ನು ಚಪ್ಪಲಿ ಹೊಲಿಯುವ ಒಂದು ಮನೆಯ ಜಗುಲಿಯ ಮೇಲೆ ಕಳೆದೆವು. ಕೊಲ್ಲಾಪುರಿ ಚಪ್ಪಲಿಯೆಂದು ಲೋಕವು ಕರೆಯುವದರಲ್ಲಿ ಅಥಣಿ, ನಿಪ್ಪಾಣಿಗಳ ಕೈಗೆಲಸವು ಬಹಳವಿರುವದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿತು. ಅಲ್ಲಿ ತಾಯಿಯು ಮಗಳಿಗೆ ಚರ್ಮದ ದಾರ ಎಳೆಯುವದನ್ನು ಕಲಿಸುತ್ತಿದ್ದಳು. ಮಾತೇ ಇಲ್ಲ. ಮಗಳ ಕೈಯ ಮೇಲೆ ತನ್ನ ಕೈಯಿಟ್ಟು ಎಳೆದು ತೋರಿಸಿದಳು. ತಪ್ಪಿದಲ್ಲಿ ಬಿಚ್ಚಿ ಮತ್ತೆ ಹೊಲಿಯಿಸಿದಳು. ಹೊಲಿಗೆಯನ್ನು ನಡುವೆ ನಿಲ್ಲಿಸಿ ನೋಡಬಹುದು. ಢಾಕವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ನಿಂತರೆ ಮಂಡಿ ಮುರಿಯುವದು. ಕುಸ್ತಿಯವರಿಗೆ ಮಾತಿನ ಹಂಗು ತಪ್ಪದಿರುವದು ಇದರಿಂದಲೇ.

ಕಾಗವಾಡಕ್ಕೆ ಬರುವಷ್ಟರಲ್ಲಿ ನಮ್ಮ ವಹಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಾತುಗಳು ಸೇರಿದ್ದವು. ಇಲ್ಲಿಂದ ಮಿರಜೆಯು ಹತ್ತಿರ, ಬೆಳಗಾವಿಯು ದೂರ. ಗಡಿಯ ಈ ಊರಿನಲ್ಲಿ ಮೆತ್ತೆಯ ಕುಸ್ತಿಯನ್ನು ಕಲಿತು ಬಂದ ಯುವಕ ತರಬೇತುದಾರರೊಬ್ಬರು ಸಿಕ್ಕರು. ಅವರನ್ನು ಹುಡುಗನ ವಸ್ತಾದರ ಮುಂದೆ ಕೂಡಿಸಿದೆವು. ಮೊದಲು ಇಬ್ಬರಿಗೂ ಬಿಗುಮಾನ. ವಸ್ತಾದರು “ಗಾದಿ ಮ್ಯಾಲ ಆಡೂದ ಕುಸ್ತಿ ಏನ್ರಿ” ಎಂದರು. ಯುವಕರು ಆರು ನಿಮಿಷದಲ್ಲಿ, ಒಂಬತ್ತು ಮೀಟರಿನ ಸುತ್ತಿನೊಳಗೆ ಕೆಲಸ ಮುಗಿಯಬೇಕಾದರೆ ಗಂಟೆಗಟ್ಟಲೆ ಹಿಡಿದಾಡುವ ತಾಳ್ಮೆಯಿಂದ ಫಲವಿಲ್ಲವೆಂದು ವಿನಯದಿಂದಲೇ ಹೇಳಿದರು.

ಆಗ ನಾವು ಖಾಶಾಬಾ ಜಾಧವರ ಸಂಗತಿಯನ್ನು ತೆಗೆದೆವು. ಕರಾಡದ ಬಳಿಯ ಗೋಳೇಶ್ವರದವರಾದ ಅವರು ಕೊಲ್ಲಾಪುರದಲ್ಲಿ ಓದುತ್ತಿದ್ದಾಗ 1948ರ ಲಂಡನ್ ಒಲಿಂಪಿಕಕ್ಕೆ ಹೋದರು. ಮಣ್ಣಿನಲ್ಲಿ ಬೆಳೆದ ಕಾಲುಗಳಿಗೆ ಮೆತ್ತೆಯು ಹೊಸದು, ನಿಯಮಗಳೂ ಹೊಸವು. ಅಮೇರಿಕದ ಮಲ್ಲರಾದ ರೀಸ್ ಗಾರ್ಡನರ್ ಎಂಬವರು ಅಲ್ಲಿ ಅವರಿಗೆ ಹೇಳಿಕೊಟ್ಟರು. ಆ ಸಲ ದೊರೆತದ್ದು ಆರನೆಯ ಸ್ಥಾನ. ನಾಲ್ಕು ವರ್ಷಗಳ ನಂತರ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಕಂಚಿನ ಪದಕ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡುವ ಆಟದಲ್ಲಿ ಬಂದ ಮೊದಲನೆಯ ಪದಕ. ಮಣ್ಣಿನ ಮನುಷ್ಯನಿಗೆ ಮೆತ್ತೆಯ ಮಾತು ಅರ್ಥವಾದರೆ ಏನಾಗುವದೆಂಬದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಾಗಿರಲಿಲ್ಲ. ವಸ್ತಾದರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಏ ತಮ್ಮಾ, ನಿಮ್ಮ ಕಡೆ ಕಲಾಜಂಗಕ್ಕ ಏನಂತೀರಿ?” ಎಂದು ಯುವಕರನ್ನು ಕೇಳಿದರು. ಅಲ್ಲಿಗೆ ಬಾಗಿಲು ತೆರೆಯಿತು.

ಕಲಾಜಂಗವು ಅವರಲ್ಲಿ ‘ಫೈರ್‌ಮನ್ಸ್ ಕ್ಯಾರಿ’. ಉರಿಯುವ ಮನೆಯಿಂದ ಮನುಷ್ಯನನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ತರುವವನ ಚಿತ್ರ. ಧೋಬಿ ಪಛಾಡವು ನಮ್ಮಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವ ಚಿತ್ರ. ಅವರಲ್ಲಿ ಬರಿಯ ತೋಳಿನೆಸೆತ, ‘ಆರ್ಮ್ ಥ್ರೋ’. ಈ ಒಂದರಲ್ಲಿ ನಮ್ಮವರ ಮಾತೇ ಮೇಲು. ಬಗಲಡೂಬವು ‘ಡಕ್ ಅಂಡರ್’. ಬಗಲಲ್ಲಿ ಮುಳುಗುವವನು ಇಲ್ಲಿ ಈಸುವವನು, ಅಲ್ಲಿ ಬಾತುಕೋಳಿ. ಏಕೇರಿ ಪಟವು ‘ಸಿಂಗಲ್ ಲೆಗ್’, ಪವಿತ್ರಾ ‘ಸ್ಟಾನ್ಸ್’, ಕಮಾನು ‘ಬ್ರಿಜ್’. ಹುಡುಗನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದನು. ಬ್ರಿಜ್ ಬಂದಾಗ ನೆಲ ನೋಡಿದನು.

ವಹಿಯಲ್ಲಿ ಮೂರು ಮನೆಗಳನ್ನು ಹಾಕಿದೆವು. ಮೊದಲನೆಯದರಲ್ಲಿ ವಸ್ತಾದರ ಮಾತು, ಎರಡನೆಯದರಲ್ಲಿ ತರಬೇತುದಾರರ ಮಾತು, ಮೂರನೆಯದರಲ್ಲಿ ಮೈ ಮಾಡುವದು ಏನು ಎಂಬದು. ಮೊದಲಿನ ಎರಡು ಮನೆಗಳು ಒಂದು ಸಂಜೆಯಲ್ಲಿ ತುಂಬಿದವು. ಮೂರನೆಯದನ್ನು ಹುಡುಗನಿಂದಲೇ ಬರೆಯಿಸಿದೆವು. ಮಾಡಿದವನೇ ಬರೆಯಬೇಕೆಂಬ ನಿಯಮವನ್ನು ವಸ್ತಾದರು ಹಾಕಿದರು. ತಿಂಗಳೊಳಗೆ ಅವನು ನಲವತ್ತು ಸಾಲು ಬರೆದನು. ಅಕ್ಷರ ಕೆಟ್ಟವು, ವಾಕ್ಯಗಳು ಚೆನ್ನಾಗಿರುವವು. ವಾರಕ್ಕೆ ಮೂರು ದಿನ ಸಾಯಂಕಾಲ ತರಬೇತುದಾರರು ಮೋಟಾರು ಸೈಕಲ್ಲಿನ ಮೇಲೆ ಬಂದು, ಮಣ್ಣಿನ ಮೇಲೆಯೇ, ತಮ್ಮ ಮಾತಿನಲ್ಲಿ ಕೂಗುವರು. ಬೆಳಿಗ್ಗೆ ಅದನ್ನೇ ವಸ್ತಾದರು ತಮ್ಮ ಮಾತಿನಲ್ಲಿ ಕೂಗುವರು. ಆಯ್ಕೆಯು ಬರುವ ತಿಂಗಳು. ತಂದೆಯು ಈಗ ಏನೂ ಅನ್ನುವದಿಲ್ಲ. ದಿನಾಲು ಅರ್ಧ ಸೇರು ಹಾಲು ಹೆಚ್ಚು ತರಿಸುವನು.

ವಹಿಯ ಪ್ರತಿಯೊಂದನ್ನು ನಿಪ್ಪಾಣಿಗೆ ಕಳಿಸಿದ್ದೆವು. ಅದು ಕೆಂಪು ಮಸಿಯ ಗೀಟುಗಳೊಡನೆ ತಿರುಗಿ ಬಂದಿರುವದು. ಏಕೇರಿ ಪಟದಲ್ಲಿ ತಲೆಯು ಎದುರಾಳಿಯ ತೊಡೆಯ ಒಳಮಗ್ಗುಲಿಗೆ ಇರಬೇಕೆಂದು ಕಾಗವಾಡದವರು ಬರೆಯಿಸಿದ್ದರು. ಹೊರಮಗ್ಗುಲಿಗೆ ಎಂದು ನಿಪ್ಪಾಣಿಯವರು ತಿದ್ದಿರುವರು. ಢಾಕದ ಎದುರಿಗೆ ಹುಡುಗನು ಬರೆದ ಸಾಲನ್ನು ಪೂರಾ ಹೊಡೆದುಹಾಕಿ, ಈ ಮನೆಯನ್ನು ಇನ್ನ ಎರಡು ವರ್ಷ ಖಾಲಿ ಬಿಡಬೇಕೆಂದು ಅಂಚಿನಲ್ಲಿ ಬರೆದಿರುವರು. ಕಾಗವಾಡದ ವಸ್ತಾದರಿಗೆ ಇದು ಸರಿ ಬಂದಿಲ್ಲ. ಬರುವ ಅಮಾವಾಸ್ಯೆಗೆ ನಿಪ್ಪಾಣಿಗೆ ತಾವೇ ಹೋಗಿ ಕಣದಲ್ಲಿ ತೋರಿಸಿ ಬರುವೆನೆಂದು ಹೇಳಿರುವರು, ನಮ್ಮನ್ನೂ ಕರೆದಿರುವರು.